ಸೇಫ್ಟಿ ಸಾಮಾನಿನ ಮೇಲಿನ ಗುರುತು ಓದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಪಕ್ಕದ ಬೆಂಚಿನ ಹುಡುಗನೊಬ್ಬ ಗ್ರೈಂಡಿಂಗ್ ಮಾಡುವಾಗ ಒಂದು ಕಣ್ಣು ಕಳೆದುಕೊಂಡ. ಕನ್ನಡಕ ಹಾಕಿಕೊಂಡೇ ಇದ್ದ. 'ಸೇಫ್ಟಿ ಗಾಗಲ್ಸ್' ಅಂತ ಹೇಳಿ ತಂದುಕೊಟ್ಟಿದ್ದ ಕನ್ನಡಕ ಅದು. ಆಮೇಲೆ ಚೂರುಗಳನ್ನು ಹೆಕ್ಕಿ ನೋಡಿದೆವು. ಫ್ರೇಮಿನ ಮೇಲೆ ಒಂದಕ್ಷರ ಇರಲಿಲ್ಲ, ಒಂದಂಕಿ ಇರಲಿಲ್ಲ. ಅವತ್ತಿನಿಂದ ಯಾವ ಸಾಮಾನು ಕೈಗೆ ಬಂದರೂ ಮೊದಲು ತಿರುಗಿಸಿ ಗುರುತು ಓದುವುದು ನನಗೆ ರೂಢಿಯಾಗಿದೆ. ಈಗ ಸಣ್ಣ ವರ್ಕ್‌ಶಾಪ್‌ಗಳಿಗೆ, ಕಟ್ಟಡದ ಸೈಟ್‌ಗಳಿಗೆ ಹೋಗಿ ಇದನ್ನೇ ಹೇಳಿಕೊಡುತ್ತೇನೆ. ಅಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು.

ಸ್ಟ್ಯಾಂಡರ್ಡ್ ಅಂದರೆ ನಿಜಕ್ಕೂ ಏನು?

ಅದೊಂದು ಪರೀಕ್ಷೆ. 'ಇಷ್ಟು ಹೊಡೆತ ಕೊಟ್ಟು ನೋಡಿದ್ದೇವೆ, ತಡೆದಿದೆ' ಅನ್ನುವ ಮಾತು. ಅದಕ್ಕಿಂತ ಜೋರಾದ ಹೊಡೆತದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಸೈಟ್ ಹೆಲ್ಮೆಟ್ಟನ್ನೇ ನೋಡಿ. ಯುರೋಪಿನ ಇಎನ್ 397 ಪರೀಕ್ಷೆಯಲ್ಲಿ 5 ಕೆಜಿ ತೂಕವನ್ನು 1 ಮೀಟರ್ ಎತ್ತರದಿಂದ ಹೆಲ್ಮೆಟ್ ಮೇಲೆ ಬಿಡುತ್ತಾರೆ. ಒಳಗಿನ ತಲೆಯ ಅಚ್ಚಿಗೆ ತಲುಪುವ ಬಲ 5 ಕಿಲೋನ್ಯೂಟನ್ ದಾಟಬಾರದು. ಆ ಹೊಡೆತದ ಶಕ್ತಿ ಸುಮಾರು 49 ಜೂಲ್. ಈಗ ನಾಲ್ಕನೇ ಮಹಡಿಯಿಂದ, ಅಂದರೆ ಸುಮಾರು 12 ಮೀಟರ್ ಮೇಲಿಂದ, 3 ಕೆಜಿಯ ಇಟ್ಟಿಗೆ ಜಾರಿ ಬಿತ್ತು ಅಂದುಕೊಳ್ಳಿ. ಅದರ ಶಕ್ತಿ 350 ಜೂಲ್ ಆಗುತ್ತದೆ. ಪರೀಕ್ಷೆಯ ಏಳು ಪಟ್ಟು!

ಹಾಗಂತ ಹೆಲ್ಮೆಟ್ ದಂಡ ಅಂತಲ್ಲ. ಸಣ್ಣ ಕಲ್ಲು, ಕೈಜಾರಿದ ಸ್ಪ್ಯಾನರ್, ತಲೆಗೆ ಬಡಿಯುವ ಕಂಬಿ, ಇವುಗಳಿಂದ ದಿನಾ ಕಾಪಾಡುವುದು ಅದೇ. ಇಟ್ಟಿಗೆ ಬೀಳದಂತೆ ತಡೆಯಬೇಕಾದದ್ದು ಮಾತ್ರ ಸ್ಕ್ಯಾಫೋಲ್ಡಿಂಗ್ ಅಂಚಿನ ಹಲಗೆ ಮತ್ತು ಬಲೆ. ಇವೆರಡೂ ಇಲ್ಲದ ಸೈಟಿನಲ್ಲಿ 'ಎಲ್ಲರಿಗೂ ಹೆಲ್ಮೆಟ್ ಕೊಟ್ಟಿದ್ದೇವೆ' ಅಂದರೆ ನನಗೆ ಸಮಾಧಾನ ಆಗುವುದಿಲ್ಲ.

ಐಎಸ್‌ಐ ಗುರುತು ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?

ಗುರುತು ಒಂದೇ ನೋಡಿದರೆ ಸಾಲದು. ಅದರ ಮೇಲ್ಗಡೆ ಸ್ಟ್ಯಾಂಡರ್ಡಿನ ನಂಬರ್ ಇರಬೇಕು. ಸೈಟ್ ಹೆಲ್ಮೆಟ್‌ಗೆ ಐಎಸ್ 2925, ಸೇಫ್ಟಿ ಶೂಗೆ ಐಎಸ್ 15298, ಎತ್ತರದ ಕೆಲಸದ ಬೆಲ್ಟ್‌ಗೆ ಐಎಸ್ 3521, ಧೂಳಿನ ಮಾಸ್ಕ್‌ಗೆ ಐಎಸ್ 9473, ಕಣ್ಣಿನ ರಕ್ಷಣೆಗೆ ಐಎಸ್ 5983. ಗುರುತಿನ ಕೆಳಗಡೆ 'ಸಿಎಂ/ಎಲ್' ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು.

ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್. ಈ ಲೈಸೆನ್ಸ್ ನಂಬರನ್ನು ಫೋನಿನಲ್ಲಿ ಅದರ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ ನೋಡಿ. ತಯಾರಕರು ಯಾರು, ಯಾವ ಸಾಮಾನಿಗೆ ಲೈಸೆನ್ಸ್ ಇದೆ, ಈಗಲೂ ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ಬರುತ್ತದೆ. ಅಂಗಡಿಯಲ್ಲೇ ನಿಂತು ಒಂದು ನಿಮಿಷದಲ್ಲಿ ಮಾಡುವ ಕೆಲಸ. ನಂಬರ್ ಇನ್ಯಾವುದೋ ಕಂಪನಿಯದ್ದು ಅಂತ ಬಂದರೆ ಆ ಸಾಮಾನು ಬೇಡ. ಅದೇ ಆ್ಯಪ್‌ನಲ್ಲಿ ದೂರನ್ನೂ ಕೊಡಬಹುದು. ಬೆಂಗಳೂರಿನ ಬಿಐಎಸ್ ಕಚೇರಿ ಇರುವುದೂ ಪೀಣ್ಯದಲ್ಲೇ, ತುಮಕೂರು ರಸ್ತೆಯಲ್ಲಿ.

ಸಿಇ ಗುರುತು ಇದ್ದರೆ ಸಾಕಾ?

ಇದು ಯುರೋಪಿನ ಮಾರುಕಟ್ಟೆಯ ಗುರುತು. ತೋಟದ ಕೆಲಸದ ಗ್ಲೌಸ್‌ನಂಥ ಕಡಿಮೆ ಅಪಾಯದ ಸಾಮಾನಿಗೆ ತಯಾರಕರೇ ಪರೀಕ್ಷಿಸಿಕೊಂಡು ಹಾಕಿಕೊಳ್ಳಬಹುದು. ಜೀವಕ್ಕೆ ಅಪಾಯ ಇರುವ ಕಡೆ, ಅಂದರೆ ಎತ್ತರದ ಬೆಲ್ಟ್, ಉಸಿರಾಟದ ಮಾಸ್ಕ್ ಇಂಥವುಗಳಿಗೆ, ಹೊರಗಿನ ಸಂಸ್ಥೆ ಪರೀಕ್ಷಿಸಲೇಬೇಕು. ಆಗ ಸಿಇ ಪಕ್ಕದಲ್ಲಿ ಆ ಸಂಸ್ಥೆಯ ನಾಲ್ಕಂಕಿಯ ನಂಬರ್ ಇರುತ್ತದೆ. ಬೆಲ್ಟ್ ಮೇಲೆ ಸುಮ್ನೆ ಸಿಇ ಇದ್ದು ನಾಲ್ಕಂಕಿ ಇಲ್ಲದಿದ್ದರೆ ಅದನ್ನು ನಂಬಬೇಡಿ.

ಬೈಕ್ ಹೆಲ್ಮೆಟ್ ಹಾಕಿಕೊಂಡು ಸೈಟ್ ಕೆಲಸ ಮಾಡಬಹುದಾ?

ಬೇಡ. ಸೈಟ್ ಹೆಲ್ಮೆಟ್ ಹಾಕಿಕೊಂಡು ಬೈಕ್ ಓಡಿಸುವುದೂ ಬೇಡ, ಅದು ಇನ್ನೂ ಅಪಾಯ. ಬೈಕ್ ಹೆಲ್ಮೆಟ್ಟಿನ ಸ್ಟ್ಯಾಂಡರ್ಡೇ ಬೇರೆ, ಐಎಸ್ 4151. ರಸ್ತೆಗೆ ತಲೆ ಬಡಿಯುವುದನ್ನು ಲೆಕ್ಕಕ್ಕಿಟ್ಟು ಅದರೊಳಗೆ ದಪ್ಪ ಥರ್ಮೋಕೋಲ್ ಇರುತ್ತದೆ. ಸೈಟ್ ಹೆಲ್ಮೆಟ್ ಒಳಗೆ ಪಟ್ಟಿಗಳ ತೊಟ್ಟಿಲು ಇರುತ್ತದೆ. ತಲೆಗೂ ಚಿಪ್ಪಿಗೂ ನಡುವೆ ಜಾಗ ಬಿಟ್ಟು, ಮೇಲಿಂದ ಬಿದ್ದದ್ದರ ಹೊಡೆತವನ್ನು ಆ ಪಟ್ಟಿಗಳು ಹಂಚಿಕೊಳ್ಳುತ್ತವೆ. ಆ ಜಾಗದಲ್ಲಿ ಬೀಡಿ ಕಟ್ಟು, ಟವೆಲ್, ಫೋನ್ ಇಟ್ಟುಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಇಡಬೇಡಿ, ಹೊಡೆತ ನೇರ ತಲೆಗೆ ಬರುತ್ತದೆ.

ಹೆಲ್ಮೆಟ್ ಬಣ್ಣಕ್ಕೆ ಏನಾದರೂ ನಿಯಮ ಇದೆಯಾ?

ಒಂದೊಂದು ಕಂಪನಿಯದ್ದು ಒಂದೊಂದು ಪದ್ಧತಿ, ಅಷ್ಟೇ. ಬಿಳಿ ಎಂಜಿನಿಯರ್‌ಗೆ, ಹಳದಿ ಕೂಲಿಯವರಿಗೆ ಅನ್ನುವುದು ರೂಢಿ. ಎರಡರ ಗಟ್ಟಿತನ ಒಂದೇ ಇರಬೇಕು. ಎಂಜಿನಿಯರ್‌ಗೆ ಒಳ್ಳೆಯದು, ಕೂಲಿಯವರಿಗೆ ಅಗ್ಗದ್ದು ತರುವ ಕಡೆ ನಾನು ನೇರವಾಗಿ ಕೇಳುತ್ತೇನೆ: ಮೇಲಿಂದ ಬೀಳುವ ಕಲ್ಲಿಗೆ ಬಣ್ಣ ಗೊತ್ತಾ?

ಗ್ರೈಂಡಿಂಗ್‌ಗೆ ಯಾವ ಕನ್ನಡಕ ಬೇಕು?

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ. ನನ್ನ ಮನಸ್ಸಿನಲ್ಲಿ ಇನ್ನೂ ಆ ಹುಡುಗ ಇದ್ದಾನೆ.

ಯುರೋಪಿನ ಇಎನ್ 166 ಪ್ರಕಾರದ ಕನ್ನಡಕದ ಗಾಜಿನ ಮೇಲೂ ಫ್ರೇಮಿನ ಮೇಲೂ ಸಣ್ಣ ಅಕ್ಷರ ಕೊರೆದಿರುತ್ತಾರೆ. 'ಎಫ್' ಅಂತಿದ್ದರೆ ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬರುವ 6 ಮಿಲಿಮೀಟರ್ ಉಕ್ಕಿನ ಗುಂಡನ್ನು ತಡೆದಿದೆ. 'ಬಿ' ಅಂದರೆ 120 ಮೀಟರ್. 'ಎ' ಅಂದರೆ 190 ಮೀಟರ್. ಸಾಮಾನ್ಯ ಕಡ್ಡಿ ಕನ್ನಡಕಕ್ಕೆ ಎಫ್‌ಗಿಂತ ಹೆಚ್ಚು ಸಿಗುವುದೇ ಇಲ್ಲ. ಬಿ ಬೇಕಾದರೆ ಮುಖಕ್ಕೆ ಅಂಟಿ ಕೂರುವ ಗಾಗಲ್ಸ್ ಬೇಕು. ಎ ಇರುವುದು ಪೂರ್ತಿ ಮುಖ ಮುಚ್ಚುವ ಶೀಲ್ಡ್‌ಗೆ ಮಾತ್ರ.

ಈಗ ನಮ್ಮ ನಾಲ್ಕಿಂಚಿನ ಗ್ರೈಂಡರ್ ತೆಗೆದುಕೊಳ್ಳಿ. 100 ಮಿಲಿಮೀಟರ್ ಡಿಸ್ಕ್, ನಿಮಿಷಕ್ಕೆ 11,000 ಸುತ್ತು. ಲೆಕ್ಕ ಹಾಕಿದರೆ ಡಿಸ್ಕಿನ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಡಿಸ್ಕ್ ಒಡೆದರೆ ಚೂರು ಆ ವೇಗದಲ್ಲೇ ಹಾರುತ್ತದೆ. ಎಫ್ ಕನ್ನಡಕದ ಪರೀಕ್ಷೆ ಮುಗಿಯುವುದು 45ಕ್ಕೆ. ಚೂರಿನ ತೂಕವೂ ಪರೀಕ್ಷೆಯ ಗುಂಡಿಗಿಂತ ಜಾಸ್ತಿ ಇರಬಹುದು. ಅದಕ್ಕೇ ಗ್ರೈಂಡಿಂಗ್ ಕಟಿಂಗ್ ಎರಡಕ್ಕೂ ಗಾಗಲ್ಸ್, ಅದರ ಮೇಲೆ ಫೇಸ್ ಶೀಲ್ಡ್ ಅಂತ ನಾನು ಹಟ ಹಿಡಿಯುವುದು. ಗ್ರೈಂಡರಿನ ಗಾರ್ಡ್ ಬಿಚ್ಚಿ ಕೆಲಸ ಮಾಡಿದರೆ ಯಾವ ಶೀಲ್ಡೂ ಸಾಲದು.

ವೆಲ್ಡಿಂಗ್ ಗಾಜಿಗೆ ಬೇರೆ ಲೆಕ್ಕ. ಅಲ್ಲಿ ನೋಡಬೇಕಾದದ್ದು ಶೇಡ್ ನಂಬರ್. ಗ್ಯಾಸ್ ವೆಲ್ಡಿಂಗ್‌ಗೆ 5ರ ಆಸುಪಾಸು ಸಾಕು. ಆರ್ಕ್ ವೆಲ್ಡಿಂಗ್‌ಗೆ ಕರೆಂಟ್ ನೋಡಿಕೊಂಡು 9ರಿಂದ 13. ರಸ್ತೆ ಬದಿಯ ಕೂಲಿಂಗ್ ಗ್ಲಾಸ್ ಇಲ್ಲಿ ಯಾವುದಕ್ಕೂ ಬರುವುದಿಲ್ಲ.

ಸೇಫ್ಟಿ ಶೂ ಮೇಲೆ ಎಸ್1, ಎಸ್3 ಅಂತ ಇರುತ್ತದಲ್ಲ, ಏನದು?

ಮೊದಲು ಐಎಸ್ 15298ರ ಯಾವ ಭಾಗ ಅಂತ ನೋಡಿ. ಭಾಗ 2 ಅಂದರೆ ಬೆರಳ ಮೇಲಿನ ಟೋಪಿ 200 ಜೂಲ್ ತಡೆಯುತ್ತದೆ, ಅಂದರೆ 20 ಕೆಜಿ ತೂಕ 1 ಮೀಟರ್‌ನಿಂದ ಬಿದ್ದ ಹಾಗೆ. ಭಾಗ 3ರಲ್ಲಿ ಅದರ ಅರ್ಧ, 100 ಜೂಲ್. ಭಾಗ 4ರ ಶೂನಲ್ಲಿ ಟೋಪಿ ಇರಲೇಬೇಕೆಂದಿಲ್ಲ. ಮೂರೂ ಹೊರಗಿನಿಂದ ನೋಡಲು ಒಂದೇ ಥರ. ಹಾಗಾಗಿ ನಂಬರ್ ಓದದೆ ತಂದರೆ ಮೋಸ ಹೋಗುವುದು ಸುಲಭ.

ಎಸ್1 ಒಣ ನೆಲದ ಕೆಲಸಕ್ಕೆ. ಎಸ್2 ನೀರು ಬೇಗ ಒಳಗೆ ಬಿಡುವುದಿಲ್ಲ. ಎಸ್3ಯಲ್ಲಿ ಅದರ ಜೊತೆಗೆ ಮೊಳೆ ತೂರದ ಅಡಿ, ಹಿಡಿತದ ಗೆರೆಗಳೂ ಇರುತ್ತವೆ. ಸೆಂಟ್ರಿಂಗ್ ಹಲಗೆ ಬಿಚ್ಚುವ ಕಡೆ ಮೊಳೆ ಮೇಲ್ಮುಖವಾಗಿ ಬಿದ್ದಿರುತ್ತವೆ. ಅಲ್ಲಿ ಎಸ್3 ಇಲ್ಲದೆ ಯಾರನ್ನೂ ಇಳಿಸಬೇಡಿ. ಈ ಶೂಗಳಿಗೆ ಐಎಸ್‌ಐ ಗುರುತು ಕಡ್ಡಾಯ ಅಂತ ಕೇಂದ್ರ ಸರ್ಕಾರ 2020ರಲ್ಲೇ ಆದೇಶ ಹೊರಡಿಸಿದೆ.

ಗ್ಲೌಸ್ ಮೇಲೆ ಸುತ್ತಿಗೆ ಚಿತ್ರ, ಅದರ ಕೆಳಗೆ ಅಂಕಿಗಳು. ಓದುವುದು ಹೇಗೆ?

ಅದು ಇಎನ್ 388. ಅಂಕಿಗಳು ಯಾವಾಗಲೂ ಒಂದೇ ಕ್ರಮದಲ್ಲಿ ಬರುತ್ತವೆ: ಉಜ್ಜುವಿಕೆ, ಕೊಯ್ತ, ಹರಿಯುವಿಕೆ, ಚುಚ್ಚುವಿಕೆ. ಅಂಕಿ ದೊಡ್ಡದಾದಷ್ಟು ತಡೆಯುವ ಶಕ್ತಿ ಜಾಸ್ತಿ. ಕೊನೆಗೆ ಎ ಇಂದ ಎಫ್‌ವರೆಗೆ ಒಂದಕ್ಷರ ಇದ್ದರೆ ಅದು ಕೊಯ್ತದ ಇನ್ನೊಂದು ಪರೀಕ್ಷೆ. ಎಫ್ ಎಲ್ಲಕ್ಕಿಂತ ಗಟ್ಟಿ. ಅಂಕಿಯ ಜಾಗದಲ್ಲಿ 'ಎಕ್ಸ್' ಇದ್ದರೆ ಆ ಪರೀಕ್ಷೆ ಮಾಡಿಲ್ಲ ಅಂತ. ಶೀಟ್ ಮೆಟಲ್ ಎತ್ತುವವರಿಗೆ ಕೊಯ್ತದ ಅಂಕಿ ಮುಖ್ಯ. ಗಾರ್ಮೆಂಟ್ಸ್ ಕಟಿಂಗ್ ವಿಭಾಗದಲ್ಲಿ ಬಟ್ಟೆಯ ಅಟ್ಟಿಯನ್ನು ಯಂತ್ರದ ಚಾಕುವಿನಲ್ಲಿ ಕತ್ತರಿಸುವವರು ಹಾಕುವುದು ಉಕ್ಕಿನ ಬಳೆಗಳನ್ನು ಹೆಣೆದ ಗ್ಲೌಸ್. ಅಲ್ಲಿ ನೂಲಿನ ಗ್ಲೌಸ್ ಕೊಟ್ಟರೆ ಬೆರಳು ಉಳಿಯುವುದಿಲ್ಲ.

ಒಂದು ಮಾತು ಜೋರಾಗಿ ಹೇಳುತ್ತೇನೆ. ಲೇತ್, ಡ್ರಿಲ್ಲಿಂಗ್ ಮೆಷಿನ್ ಥರ ತಿರುಗುವ ಯಂತ್ರದ ಮುಂದೆ ಗ್ಲೌಸ್ ಹಾಕಲೇಬಾರದು. ಬಟ್ಟೆಯ ಒಂದು ತುದಿ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. 'ಸರ್, ಸೇಫ್ಟಿಗೆ ಅಂತಲೇ ಹಾಕಿದ್ದೆ' ಅಂದ ಹುಡುಗನ ಕೈಯನ್ನು ನಾನು ನೋಡಿದ್ದೇನೆ.

ಕರೆಂಟ್ ಕೆಲಸಕ್ಕೆ ಯಾವ ರಬ್ಬರ್ ಗ್ಲೌಸ್?

ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಖಂಡಿತ ಅಲ್ಲ. ಕರೆಂಟಿನ ಗ್ಲೌಸ್‌ಗೆ ಕ್ಲಾಸ್ ಇರುತ್ತದೆ. ಕ್ಲಾಸ್ 0, ಕೆಂಪು ಲೇಬಲ್, 1,000 ವೋಲ್ಟ್‌ವರೆಗೆ. ಮನೆ, ಅಂಗಡಿ, ಮೋಟಾರ್ ಪ್ಯಾನೆಲ್‌ಗಳ 230 ಮತ್ತು 415 ವೋಲ್ಟ್‌ಗೆ ಇದು ಸಾಕು. ನಮ್ಮ ಊರುಗಳ 11 ಕೆವಿ (11,000 ವೋಲ್ಟ್) ಲೈನ್‌ಗೆ ಕ್ಲಾಸ್ 2, ಹಳದಿ ಲೇಬಲ್, 17,000 ವೋಲ್ಟ್‌ವರೆಗೆ. ನಡುವಿನ ಕ್ಲಾಸ್ 1 ಇರುವುದು 7,500ಕ್ಕೆ, 11 ಕೆವಿಗೆ ಅದು ಸಾಲದು.

ಪ್ರತಿ ಸಲ ಹಾಕುವ ಮುಂಚೆ ಮಣಿಕಟ್ಟಿನ ಕಡೆಯಿಂದ ಸುರುಳಿ ಸುತ್ತಿ ಗಾಳಿ ಹಿಡಿದು ನೋಡಿ. ಗಾಳಿ ಸೋರಿದರೆ ಆ ಗ್ಲೌಸ್ ಮುಗಿಯಿತು. ಬಳಕೆಯಲ್ಲಿರುವುದನ್ನು ಆರು ತಿಂಗಳಿಗೊಮ್ಮೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಬೇಕು. ಎಷ್ಟೇ ಒಳ್ಳೆಯ ಗ್ಲೌಸ್ ಇದ್ದರೂ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಆಗಿದೆ ಅನ್ನುವ ಒಪ್ಪಿಗೆ) ತೆಗೆದುಕೊಳ್ಳದೆ, ಅರ್ಥಿಂಗ್ ಹಾಕದೆ ಕಂಬ ಹತ್ತಬೇಡಿ.

ಧೂಳಿಗೆ ಕರ್ಚೀಫ್ ಅಥವಾ ಸರ್ಜಿಕಲ್ ಮಾಸ್ಕ್ ಸಾಕಲ್ವಾ?

ಸಾಲುವುದಿಲ್ಲ. ಗ್ರಾನೈಟ್, ಟೈಲ್ಸ್, ಕಾಂಕ್ರೀಟ್ ಕತ್ತರಿಸಿದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಶ್ವಾಸಕೋಶದ ಆಳಕ್ಕೆ ಹೋಗುವ ಕಣ ಕಣ್ಣಿಗೆ ಕಾಣುವುದಿಲ್ಲ. ಅದರಿಂದ ಬರುವ ಸಿಲಿಕೋಸಿಸ್ ಗುಣವಾಗುವ ಕಾಯಿಲೆ ಅಲ್ಲ. ಸರ್ಜಿಕಲ್ ಮಾಸ್ಕ್ ಇರುವುದು ಹಾಕಿಕೊಂಡವರ ಬಾಯಿಯ ಹನಿ ಹೊರಗೆ ಹಾರದಿರಲಿ ಅಂತ. ಕೆನ್ನೆ ಪಕ್ಕದಲ್ಲಿ ಗಾಳಿ ಸಲೀಸಾಗಿ ಒಳಗೆ ಬರುತ್ತದೆ.

ಐಎಸ್ 9473ರ ಮಾಸ್ಕ್‌ಗಳಲ್ಲಿ ಮೂರು ದರ್ಜೆ ಇದೆ. ಎಫ್‌ಎಫ್‌ಪಿ1 ಸಣ್ಣ ಕಣಗಳಲ್ಲಿ ಶೇ 80, ಎಫ್‌ಎಫ್‌ಪಿ2 ಶೇ 94, ಎಫ್‌ಎಫ್‌ಪಿ3 ಶೇ 99 ಸೋಸುತ್ತದೆ. ಅಮೆರಿಕದ ಎನ್95 ಶೇ 95. ಕಲ್ಲಿನ ಧೂಳಿಗೆ ಎಫ್‌ಎಫ್‌ಪಿ2ಗಿಂತ ಕೆಳಗಿಳಿಯಬೇಡಿ, ಸಾಧ್ಯವಾದರೆ 3 ತನ್ನಿ. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಅಂಟುವುದಿಲ್ಲ, ಶೇಕಡಾವಾರು ಲೆಕ್ಕವೆಲ್ಲ ಸುಳ್ಳಾಗುತ್ತದೆ. ಅಮೆರಿಕದ ಮಾನ್ಯತೆ ಪಡೆದ ಎನ್95ಗೆ ತಲೆಯ ಹಿಂದೆ ಹೋಗುವ ಎರಡು ಪಟ್ಟಿ ಇರುತ್ತವೆ. ಕಿವಿಗೆ ಸಿಕ್ಕಿಸುವ 'ಎನ್95' ನೋಡಿದರೆ ಅನುಮಾನ ಪಡಿ.

ಇದೆಲ್ಲಕ್ಕಿಂತ ಮೊದಲು ಬ್ಲೇಡಿಗೆ ನೀರು ಬಿಟ್ಟು ಕತ್ತರಿಸಿ. ಧೂಳು ಏಳದಿದ್ದರೆ ಮಾಸ್ಕ್‌ನ ಮೇಲಿನ ಭಾರವೇ ಇಳಿಯುತ್ತದೆ.

ಮ್ಯಾನ್‌ಹೋಲ್, ಟ್ಯಾಂಕ್ ಒಳಗೆ ಇಳಿಯಲು ಯಾವ ಮಾಸ್ಕ್?

ಸೋಸುವ ಯಾವ ಮಾಸ್ಕೂ ಅಲ್ಲ. ಎನ್95 ಆಗಲಿ, ಬಣ್ಣದ ಪಟ್ಟಿಯ ಗ್ಯಾಸ್ ಡಬ್ಬಿ ಹಾಕಿದ ಮಾಸ್ಕ್ ಆಗಲಿ, ಇರುವ ಗಾಳಿಯನ್ನು ಸೋಸುತ್ತವೆ ಅಷ್ಟೇ. ಅವು ಆಮ್ಲಜನಕ ತಯಾರಿಸುವುದಿಲ್ಲ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 21ರ ಹತ್ತಿರ ಇರುತ್ತದೆ. ಶೇ 19.5ಕ್ಕಿಂತ ಇಳಿದ ಜಾಗದಲ್ಲಿ ಸೋಸುವ ಮಾಸ್ಕ್ ಕೆಲಸಕ್ಕೆ ಬಾರದು. ಕೊಳಚೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ, ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. 'ಈಗ ವಾಸನೆ ಇಲ್ಲ, ಇಳಿಯಬಹುದು' ಅಂದವರು ಹೀಗೇ ಸತ್ತಿದ್ದಾರೆ. ಅವರನ್ನು ಎತ್ತಲು ಹೋದವರೂ ಸತ್ತಿದ್ದಾರೆ.

ರಕ್ಷಣೆ ಇಲ್ಲದೆ ಚರಂಡಿ, ಗುಂಡಿಗೆ ಜನರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಅಪರಾಧ ಅಂತ ಹೇಳುತ್ತದೆ. ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಮೆಷಿನ್ ತರಿಸಿ. ನಿಮ್ಮ ಅಪಾರ್ಟ್‌ಮೆಂಟಿನ ಗುಂಡಿಯೇ ಆದರೂ ಅಷ್ಟೇ.

ಶಬ್ದಕ್ಕೆ ಹತ್ತಿ ಇಟ್ಟುಕೊಂಡರೆ ಆಗಲ್ವಾ?

ಹತ್ತಿ ತಡೆಯುವುದು ತೀರಾ ಕಡಿಮೆ. ನಮ್ಮ ದೇಶದ ನಿಯಮದಲ್ಲಿ 90 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. 95ಕ್ಕೆ 4 ಗಂಟೆ, 100ಕ್ಕೆ 2 ಗಂಟೆ. ಒಂದು ತೋಳಿನಷ್ಟು ದೂರ ನಿಂತವರ ಜೊತೆ ಕೂಗಿ ಮಾತಾಡಬೇಕಾಗಿದ್ದರೆ ಅಲ್ಲಿ ಇಯರ್ ಪ್ಲಗ್ ಬೇಕು ಅಂತಲೇ ತಿಳಿಯಿರಿ. ಪೊಟ್ಟಣದ ಮೇಲೆ ಬರೆದ ಡೆಸಿಬೆಲ್ ಅಂಕಿ ಲ್ಯಾಬ್‌ನದ್ದು. ಬೆರಳಲ್ಲಿ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಸರಿಯಾಗಿ ಒಳಗೆ ಹಾಕದಿದ್ದರೆ ಅದರ ಅರ್ಧವೂ ಸಿಗುವುದಿಲ್ಲ.

ಸೊಂಟದ ಬೆಲ್ಟ್ ಇದೆ. ಎತ್ತರದ ಕೆಲಸಕ್ಕೆ ಅದು ಸಾಲದಾ?

ಸೊಂಟದ ಬೆಲ್ಟಿನಲ್ಲಿ ಬಿದ್ದರೆ ಪೂರ್ತಿ ಹೊಡೆತ ಹೊಟ್ಟೆಗೆ, ಬೆನ್ನುಹುರಿಗೆ ಬೀಳುತ್ತದೆ. ಬೇಕಾದದ್ದು ತೊಡೆ, ಎದೆ, ಭುಜ ಎಲ್ಲವನ್ನೂ ಸುತ್ತುವ ಫುಲ್ ಬಾಡಿ ಹಾರ್ನೆಸ್. ಜೊತೆಗೆ ಹಗ್ಗದಲ್ಲಿ ಶಾಕ್ ಅಬ್ಸಾರ್ಬರ್ ಇರಬೇಕು. ಬಿದ್ದಾಗ ಅದು ಬಿಚ್ಚಿಕೊಳ್ಳುತ್ತಾ ಹೋಗಿ ಮೈಮೇಲಿನ ಬಲವನ್ನು 6 ಕಿಲೋನ್ಯೂಟನ್ ಒಳಗೆ ಇಡುತ್ತದೆ.

ಆದರೆ ಇಲ್ಲೊಂದು ಲೆಕ್ಕ ಇದೆ. ಬಹಳ ಸೂಪರ್‌ವೈಸರ್‌ಗಳಿಗೂ ಇದು ಗೊತ್ತಿರುವುದಿಲ್ಲ. ಹಗ್ಗ 2 ಮೀಟರ್. ಅಬ್ಸಾರ್ಬರ್ ಬಿಚ್ಚಿಕೊಳ್ಳುವುದು 1.75 ಮೀಟರ್‌ವರೆಗೆ. ಬೆನ್ನಿನ ಕೊಂಡಿಯಿಂದ ಕಾಲಿನವರೆಗೆ ಸುಮಾರು 1.5 ಮೀಟರ್. ಕಾಲಿಗೂ ನೆಲಕ್ಕೂ ನಡುವೆ 1 ಮೀಟರ್ ಉಳಿಯಬೇಕು. ಕೂಡಿದರೆ 6.25 ಮೀಟರ್. ಅಂದರೆ ಕೊಕ್ಕೆ ಸಿಕ್ಕಿಸಿದ ಜಾಗದಿಂದ ಕೆಳಗೆ ಎರಡು ಮಹಡಿಯಷ್ಟು ಖಾಲಿ ಜಾಗ ಬೇಕು. ಮೊದಲ ಮಹಡಿಯ ಸ್ಲ್ಯಾಬ್ ಮೇಲೆ ನಿಂತು ಕಾಲ ಬುಡದ ಕಂಬಿಗೆ ಕೊಕ್ಕೆ ಹಾಕಿದವರು, ಹಾರ್ನೆಸ್ ಹಾಕಿಕೊಂಡೇ ನೆಲಕ್ಕೆ ಬಡಿಯುತ್ತಾರೆ. ಅದಕ್ಕೇ ಕೊಕ್ಕೆ ಯಾವಾಗಲೂ ತಲೆಗಿಂತ ಮೇಲೆ ಇರಲಿ. ಎತ್ತರ ಕಡಿಮೆ ಇದ್ದರೆ ಗಿಡ್ಡ ಹಗ್ಗ ಬಳಸಿ. ಇನ್ನೂ ಒಳ್ಳೆಯದು ಅಂದರೆ ಅಂಚಿಗೆ ಗಟ್ಟಿ ಕಟಕಟೆ ಕಟ್ಟಿಬಿಡಿ.

ಬಿದ್ದು ನೇತಾಡುತ್ತಿರುವವರನ್ನು ಕೆಲವೇ ನಿಮಿಷಗಳಲ್ಲಿ ಇಳಿಸಬೇಕು. ತೊಡೆಯ ಪಟ್ಟಿ ರಕ್ತ ಓಡುವುದನ್ನು ತಡೆಯುತ್ತದೆ. ಹೇಗೆ ಇಳಿಸುವುದು ಅಂತ ಮೇಲೆ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ.

ದುಡ್ಡು ಯಾರು ಕೊಡಬೇಕು? ಸಂಬಳದಲ್ಲಿ ಹಿಡಿಯಬಹುದಾ?

ಹಿಡಿಯುವಂತಿಲ್ಲ. 1948ರ ಕಾರ್ಖಾನೆ ಕಾಯ್ದೆಯ 114ನೇ ಸೆಕ್ಷನ್ ಇದನ್ನೇ ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸುರಕ್ಷತಾ ಸಂಹಿತೆಯೂ ಸುರಕ್ಷತೆಗಾಗಿ ಕೊಡುವ ಯಾವುದಕ್ಕೂ ಕೆಲಸಗಾರರಿಂದ ಹಣ ತೆಗೆದುಕೊಳ್ಳಬಾರದು ಅನ್ನುತ್ತದೆ. ಕೊಟ್ಟದ್ದನ್ನು ಬೇಕಂತಲೇ ಹಾಕಿಕೊಳ್ಳದೆ ಇರುವುದು ಕೆಲಸಗಾರರ ತಪ್ಪು, ಅದೂ ಕಾನೂನಿನಲ್ಲಿದೆ. ಮಾಲೀಕರು ಕೇಳದಿದ್ದರೆ ಕಾರ್ಖಾನೆಗಳು, ಬಾಯ್ಲರುಗಳು, ಔದ್ಯೋಗಿಕ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ತಿಳಿಸಬಹುದು. ಕಟ್ಟಡ ಕೆಲಸ ಆದರೆ ಕಾರ್ಮಿಕ ಇಲಾಖೆಗೆ.

ಹೆಂಗಸರಿಗೆ ಸರಿಯಾದ ಅಳತೆ ಸಿಗುವುದಿಲ್ಲ, ಏನು ಮಾಡುವುದು?

ಈ ಪ್ರಶ್ನೆ ಕೇಳಿದ್ದು ಸೈಟಿನಲ್ಲಿ ಗಾರೆ ಹೊರುವ ಅಕ್ಕ ಒಬ್ಬರು. ಅವರ ಶೂ ಎರಡು ಸೈಜ್ ದೊಡ್ಡದಿತ್ತು. ಮುಂದೆ ಬಟ್ಟೆ ತುರುಕಿಕೊಂಡು ಏಣಿ ಹತ್ತುತ್ತಿದ್ದರು. ಸಡಿಲ ಶೂ ಎಡವಿಸುತ್ತದೆ, ದೊಡ್ಡ ಮಾಸ್ಕ್ ಸೋರುತ್ತದೆ, ದೊಡ್ಡ ಹಾರ್ನೆಸ್‌ನಿಂದ ಜಾರಿ ಬೀಳಬಹುದು. ಪರೀಕ್ಷೆ ಪಾಸಾದ ಸಾಮಾನೂ ಅಳತೆ ತಪ್ಪಿದರೆ ಕಾಪಾಡುವುದಿಲ್ಲ. ಸಣ್ಣ ಸೈಜ್‌ಗಳನ್ನು ತಯಾರಿಸುತ್ತಾರೆ. ತರಿಸುವವರು ಎಲ್ಲರಿಗೂ ಒಂದೇ ಸೈಜ್ ಬರೆದು ಕಳಿಸುತ್ತಾರೆ, ತೊಂದರೆ ಇರುವುದು ಅಲ್ಲಿ. ಆರ್ಡರ್ ಕೊಡುವ ಮುಂಚೆ ಒಬ್ಬೊಬ್ಬರ ಅಳತೆ ಬರೆದುಕೊಳ್ಳಿ. ಸೀರೆ ಉಟ್ಟವರಿಗೆ ಮೇಲೊಂದು ಅಂಗಿ ಮಾತ್ರ ಕೊಟ್ಟು ಕೈತೊಳೆದುಕೊಳ್ಳಬೇಡಿ. ಸೆರಗು ಮೆಷಿನ್ನಿಗೆ ಸಿಗದ ಉಡುಪನ್ನು ಅವರನ್ನೇ ಕೇಳಿ ಹೊಲಿಸಿ.

ಯಾವಾಗ ಬಿಸಾಡಬೇಕು?

ಹೆಲ್ಮೆಟ್ ಒಳಗೆ ಗಡಿಯಾರದಂಥ ಅಚ್ಚು ಇರುತ್ತದೆ. ಬಾಣದ ಗುರುತು ತಯಾರಾದ ತಿಂಗಳು, ವರ್ಷ ತೋರಿಸುತ್ತದೆ. ಎಷ್ಟು ವರ್ಷ ಬಳಸಬಹುದು ಅಂತ ತಯಾರಕರ ಚೀಟಿಯಲ್ಲಿ ಇರುತ್ತದೆ. ಬಿಸಿಲಿಗೆ ಪ್ಲಾಸ್ಟಿಕ್ ಪುಡಿಯಾಗುವಂತೆ ಒಣಗುತ್ತದೆ. ಥಿನ್ನರ್, ಪೇಂಟ್ ತಾಗಿದರೂ ಹಾಳು. ಒಮ್ಮೆ ಜೋರಾದ ಹೊಡೆತ ತಿಂದ ಹೆಲ್ಮೆಟ್ಟಿನಲ್ಲಿ ಬಿರುಕು ಕಾಣದಿದ್ದರೂ ಅದರ ಕೆಲಸ ಮುಗಿದಿದೆ. ಮಾಸ್ಕ್‌ನಲ್ಲಿ ಉಸಿರೆಳೆಯಲು ಕಷ್ಟವಾದರೆ ಬದಲಿಸಿ. ಅದನ್ನು ಒಗೆದು ಮತ್ತೆ ಹಾಕಬೇಡಿ.

ಒಮ್ಮೆ ಬೀಳುವುದನ್ನು ತಡೆದ ಹಾರ್ನೆಸ್ಸನ್ನು, ಹಗ್ಗವನ್ನು ಮತ್ತೆ ಬಳಸಲೇಬಾರದು. ಎಸೆಯುವಾಗ ಪಟ್ಟಿಗಳನ್ನು ಕತ್ತರಿಸಿ ತುಂಡು ಮಾಡಿ. ಹಾಗೇ ಎಸೆದರೆ ಸಂಜೆಯೊಳಗೆ ಇನ್ಯಾರೋ ಎತ್ತಿಕೊಂಡು, ಮರುದಿನ ಅದನ್ನೇ ಹಾಕಿಕೊಂಡು ಮೇಲೆ ಹತ್ತಿರುತ್ತಾರೆ.